ವಾಟರ್‌ಕ್ರೆಸ್‌ಗೆ ಹೊಳೆಯೇ ಬೇಕೆಂದೇನಿಲ್ಲ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ವಾಟರ್‌ಕ್ರೆಸ್ ಎಂಬ ಆ ಘಾಟು ಸೊಪ್ಪು ಬೆಳೆಯಲು ತೊಟ್ಟಿ ಕಟ್ಟಿಸಿ, ಪಂಪ್ ಕೂರಿಸಿ, ನೀರು ಸದಾ ಹರಿಯುವ ಹಾಗೆ ಮಾಡುತ್ತೇನೆ ಅಂದಿದ್ದೀಯ. ಸ್ವಲ್ಪ ತಡಿ ಮಾರಾಯ. ದುಡ್ಡು ಸುರಿಯುವ ಮೊದಲು ಇದನ್ನು ಪೂರ್ತಿ ಓದು.

ಹರಿಯುವ ನೀರಿನ ಯೋಚನೆ ಎಲ್ಲಿಂದ ಬಂತು ಅಂತ ಗೊತ್ತು. ಈ ಸೊಪ್ಪು ತಾನಾಗಿ ಹುಟ್ಟುವುದೇ ತಣ್ಣನೆಯ ತಿಳಿನೀರಿನ ಅಂಚಿನಲ್ಲಿ. ಇಂಗ್ಲೆಂಡಿನಲ್ಲಿ 1808ರಲ್ಲಿ ವಿಲಿಯಂ ಬ್ರಾಡ್‌ಬರಿ ಎಂಬಾತ ಕೆಂಟ್ ಪ್ರಾಂತ್ಯದಲ್ಲಿ ಇದನ್ನು ಮಾರಾಟಕ್ಕೆಂದು ಬೆಳೆಯಲು ಶುರು ಮಾಡಿದ್ದೂ ಊಟೆಯ ನೀರಿನಲ್ಲೇ. ಅಲ್ಲಿನ ಸುಣ್ಣಕಲ್ಲಿನ ನೆಲದಿಂದ ಉಕ್ಕುವ ನೀರು ಚಳಿ, ಬೇಸಿಗೆ ಎನ್ನದೆ ಸುಮಾರು 10 ಡಿಗ್ರಿಯಲ್ಲೇ ಇರುತ್ತದೆ. ಎಕರೆಗಟ್ಟಲೆ ಬೆಳೆಯುವವರಿಗೆ ಅದು ವರ. ಆದರೆ ಹರಿಯುವ ನೀರು ಗಿಡಕ್ಕೆ ಕೊಡುವುದಾದರೂ ಏನು? ತಂಪು, ಬೇರಿಗೆ ಆಮ್ಲಜನಕ, ಒಂದಿಷ್ಟು ಖನಿಜ. ಒಂದು ಕುಂಡಕ್ಕೆ ಇಷ್ಟನ್ನು ನಮ್ಮ ಕೈಯೇ ಕೊಡಬಲ್ಲದು. ಪಂಪ್ ಯಾಕೆ?

ಅಗಲವಾದ, ಆಳ ಕಮ್ಮಿ ಇರುವ ಕುಂಡ ತಗೋ. ತಳದಲ್ಲಿ ತೂತಿರಲಿ. ಚೆನ್ನಾಗಿ ಕೊಳೆತ ಕಾಂಪೋಸ್ಟ್ ಬೆರೆಸಿದ ಮಣ್ಣು ತುಂಬಿ, ಅದನ್ನು ಒಂದು ತಟ್ಟೆಯಲ್ಲಿ ಇಟ್ಟು, ತಟ್ಟೆಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ನೀರು ನಿಲ್ಲಿಸು. ಮಣ್ಣು ತಾನೇ ಕೆಳಗಿನಿಂದ ನೀರು ಎಳೆದುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸ ನೀರು ಹಾಕು. ಇಡೀ ಕೆಲಸದಲ್ಲಿ ಸೋಮಾರಿತನ ಮಾಡಬಾರದ ಜಾಗ ಇದೊಂದೇ. ನಿಂತ ನೀರು ನಾರುತ್ತದೆ, ಪಾಚಿ ಕಟ್ಟುತ್ತದೆ, ಬೇರು ಕೊಳೆಯುತ್ತದೆ. ಎರಡು ದಿನಕ್ಕೊಮ್ಮೆ ಚೆಲ್ಲಿದರೆ ಸೊಳ್ಳೆ ಮರಿಗೂ ದೊಡ್ಡದಾಗಲು ಪುರುಸೊತ್ತು ಸಿಗುವುದಿಲ್ಲ.

ಬೀಜ ದೂಳಿನಷ್ಟು ಸಣ್ಣದು. ಮಣ್ಣಿನ ಮೇಲೆ ಉದುರಿಸಿ ಸುಮ್ನೆ ಒತ್ತು, ಮುಚ್ಚಬೇಡ. ಮೊಳೆಯಲು ಬೆಳಕು ಬೇಕು, ಒಂದೆರಡು ವಾರವೂ ಬೇಕು. ಕೊಳ್ಳುವಾಗ ಪ್ಯಾಕೆಟ್ ಸರಿಯಾಗಿ ನೋಡು. ಗಾರ್ಡನ್ ಕ್ರೆಸ್ ಬೇರೆ ಗಿಡ, ನಾಸ್ಟರ್ಶಿಯಂ ಎಂದು ಮಾರುವ ಹೂಗಿಡ ಮತ್ತೂ ಬೇರೆ.

ನನ್ನ ಮಾತು ಕೇಳುವುದಾದರೆ ಬೀಜದ ಗೊಡವೆಯೇ ಬೇಡ. ತಿನ್ನಲು ಮಾರುವ ಕಟ್ಟಿನಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿ ನಿಲ್ಲಿಸು. ಗಿಣ್ಣು ಗಿಣ್ಣಿನಲ್ಲೂ ಬಿಳಿ ಬೇರು ಒಡೆಯುತ್ತದೆ. ಒಂದು ವಾರದ ಆಸುಪಾಸಿನಲ್ಲಿ ಕುಂಡಕ್ಕೆ ಇಳಿಸಬಹುದು. ಇಷ್ಟು ಸಲೀಸಾಗಿ ಬೇರು ಬಿಡುವ ಸೊಪ್ಪು ಕಡಿಮೆ.

ಹೊಳೆ ಬದಿಯಲ್ಲಿ ಕಾಡು ವಾಟರ್‌ಕ್ರೆಸ್ ನೋಡಿದೆ, ಅಲ್ಲಿಂದಲೇ ಕಿತ್ತು ತರಲಾ ಅಂತ ಕೇಳಿದ್ದೀಯಲ್ಲ, ಅದು ಮಾತ್ರ ಖಂಡಿತ ಬೇಡ. ದನ, ಕುರಿಯ ಲಿವರ್‌ನಲ್ಲಿ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು ಇರುತ್ತದೆ. ಅದರ ಮೊಟ್ಟೆ ಸಗಣಿ, ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಅಲ್ಲಿ ಮರಿ ಹೊರಬಂದು ಸಣ್ಣ ನೀರುಬಸವನಹುಳುವಿನ ಒಳಗೆ ಸೇರಿ ಬೆಳೆಯುತ್ತದೆ. ಆಮೇಲೆ ಹೊರಗೆ ಬಂದು ನೀರಿನ ಗಿಡಕ್ಕೆ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಆ ಸೊಪ್ಪನ್ನು ಹಸಿಯಾಗಿ ತಿಂದೆಯಾ, ನಿನ್ನ ಕರುಳು ಕೊರೆದು ಲಿವರ್ ಸೇರುತ್ತದೆ. ಎಷ್ಟು ತೊಳೆದರೂ ಹೋಗುತ್ತದೆಂದು ನಂಬುವಂತಿಲ್ಲ. ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮನೆಯ ಕುಂಡವೇ ಮೇಲು ಅನ್ನಲು ನನಗೆ ಇದೊಂದೇ ಕಾರಣ ಸಾಕು. ಅದೇ ಕಾರಣಕ್ಕೆ ಹಸಿ ಸಗಣಿ ಗೊಬ್ಬರವನ್ನೂ ಹತ್ತಿರ ತರಬೇಡ.

ಜಾಗ ತಂಪಾಗಿರಲಿ. ಬೆಳಗಿನ ಬಿಸಿಲು ಇಷ್ಟ, ಮಧ್ಯಾಹ್ನದ್ದು ಆಗದು. ಕೆಳಗಿನ ಎಲೆ ಹಳದಿಯಾದರೆ ಸಾರಜನಕ ಸಾಲದು ಎಂದರ್ಥ, ತೆಳುವಾಗಿ ದ್ರವ ಗೊಬ್ಬರ ಕೊಡು. ಗಿಡಹೇನು ಬಂದರೆ ಔಷಧಿ ಹೊಡೆಯಬೇಡ. ನೀರಿನ ಗಿಡ ತಾನೇ, ಎಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅಲುಗಾಡಿಸು.

ಇನ್ನು ಕೊಯ್ಲು. ನೀನು ಗಿಡ ಪೊದೆಯಾಗಲಿ ಎಂದು ಕಾಯುವ ಜಾತಿ. ಇಲ್ಲಿ ಹಾಗೆ ಕಾಯಬಾರದು. ಗಿಡ ಒಂದು ಗೇಣಿನ ಹತ್ತಿರ ಬಂದ ಕೂಡಲೇ ತುದಿ ಕತ್ತರಿಸು. ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿ ಹಾಕಿದರೆ ಅಲ್ಲಿಂದ ಹೊಸ ಚಿಗುರು ಒಡೆಯುತ್ತದೆ. ಬುಡದಲ್ಲಿ ಐದು ಸೆಂಟಿಮೀಟರ್ ಆದರೂ ಬಿಡು, ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡ. ಕೊಯ್ಯದೆ ಬಿಟ್ಟರೆ ಕಾಂಡ ಉದ್ದ ಎಳೆದು, ಸೆಖೆ ಏರುತ್ತಲೇ ನಾಲ್ಕೆಸಳಿನ ಪುಟ್ಟ ಬಿಳಿ ಹೂ ಬಿಡುತ್ತದೆ. ಆಮೇಲೆ ಎಲೆ ಕಹಿ. ಮೊಗ್ಗು ಕಂಡ ದಿನವೇ ಗಿಡ ತಗ್ಗಾಗಿ ಕತ್ತರಿಸಿ, ಎಳೆ ಕಡ್ಡಿಗಳನ್ನು ಮತ್ತೆ ಲೋಟಕ್ಕೆ ಹಾಕು.

ಕೊಯ್ದದ್ದನ್ನು ಬೇಗ ತಿನ್ನು, ಅದೂ ಹಸಿಯಾಗಿ. ಇದು ಸಾಸಿವೆಯ ಕುಟುಂಬದ ಗಿಡ. ಎಲೆ ಜಗಿದಾಗ ಅದರೊಳಗಿನ ಒಂದು ಕಿಣ್ವ ಬೇರೆ ಕೋಶದಲ್ಲಿರುವ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕದ ಜೊತೆ ಸೇರಿ ಮೂಗಿಗೆ ಹತ್ತುವ ಆ ಘಾಟು ಹುಟ್ಟುತ್ತದೆ. ಕುದಿಸಿದರೆ ಕಿಣ್ವ ಕೆಟ್ಟು ಸೊಪ್ಪು ಸಪ್ಪೆಯಾಗುತ್ತದೆ. ಮನೆಯಲ್ಲಿ ಬೆಳೆಯುವುದೇ ಆ ಘಾಟಿಗೆ ಅಲ್ವಾ?

ಪೋಷಕಾಂಶದಲ್ಲಿ ಈ ಸೊಪ್ಪಿಗೆ 100ಕ್ಕೆ 100 ಅಂಕ ಎಂದು ನೀನು ಕಳಿಸಿದ ಸುದ್ದಿ ಸುಳ್ಳಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಪತ್ರಿಕೆಯಲ್ಲಿ 2014ರಲ್ಲಿ ಬಂದ ಹಣ್ಣು, ತರಕಾರಿಗಳ ಪಟ್ಟಿಯಲ್ಲಿ ವಾಟರ್‌ಕ್ರೆಸ್ ಮೊದಲ ಸ್ಥಾನದಲ್ಲಿತ್ತು. ಆದರೆ ಅಲ್ಲಿ ಲೆಕ್ಕ ಹಾಕಿದ್ದು ಕ್ಯಾಲೊರಿಗೆ ಇಷ್ಟು ಪೋಷಕಾಂಶ ಎಂದು. 100 ಗ್ರಾಂ ಸೊಪ್ಪಿನಲ್ಲಿ ಇರುವುದೇ ಸುಮಾರು 11 ಕ್ಯಾಲೊರಿ. ಹಾಗೆ ಭಾಗಿಸಿದರೆ ಗೆಲ್ಲದೆ ಇನ್ನೇನು! ಒಳ್ಳೆಯ ಸೊಪ್ಪು, ಅಷ್ಟೇ. ಔಷಧಿ ಅಂದುಕೊಳ್ಳಬೇಡ.

ಹಾಂ, ನಿಮ್ಮ ಅಪ್ಪ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ ಅಂದಿದ್ದೆ. ಈ ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಜಾಸ್ತಿ. ಒಂದು ದಿನ ಬುಟ್ಟಿ ತುಂಬ, ಇನ್ನೊಂದು ದಿನ ಏನೂ ಇಲ್ಲ ಅನ್ನುವ ಹಾಗೆ ತಿಂದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅವರ ಡಾಕ್ಟರನ್ನು ಒಂದು ಮಾತು ಕೇಳಿ, ಆಮೇಲೆ ತಟ್ಟೆಗೆ ಹಾಕು.

ಇಂತಿ ನಿನ್ನ
ಗೆಳೆಯ