ಜೀಬ್ರಾ ತರಿಸುವ ಮುನ್ನ ನುಸಿಪರದೆ ನೋಡಿ

ಮಾನ್ಯರೇ,

ಮೃಗಾಲಯಕ್ಕೆ ಆಫ್ರಿಕಾದ ಜೀಬ್ರಾ ಬರುತ್ತದೆ ಎಂದರೆ ಜೋಡಿ, ಆವರಣ, ಟಿಕೆಟ್ ದರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಕ್ತಪರೀಕ್ಷೆಯ ಬಗ್ಗೆ ಕೇಳುವವರು ಕಡಿಮೆ. 1987ರಲ್ಲಿ ನಮೀಬಿಯಾದಿಂದ ಮ್ಯಾಡ್ರಿಡ್ ಬಳಿಯ ಸಫಾರಿ ಪಾರ್ಕಿಗೆ ಬಂದ ಜೀಬ್ರಾಗಳ ಜೊತೆ, ನುಸಿ ಕಡಿತದಿಂದ ಕುದುರೆಗಳಿಗೆ ಹರಡುವ ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ರೋಗದ ವೈರಸ್ ಕೂಡ ಬಂತು. ಅದನ್ನು ತೊಲಗಿಸಲು ಸ್ಪೇನ್ 1990ರವರೆಗೆ ಹೆಣಗಿತು. 2020ರಲ್ಲಿ ಥಾಯ್ಲೆಂಡಿನಲ್ಲಿ ಐನೂರಕ್ಕೂ ಹೆಚ್ಚು ಕುದುರೆಗಳು ಸತ್ತಾಗ ಶಂಕೆ ಮೂಡಿದ್ದೂ ಆಮದು ಜೀಬ್ರಾಗಳ ಮೇಲೆಯೇ.

ಕುದುರೆಯನ್ನು ಕೊಲ್ಲುವ ಈ ವೈರಸ್ ಜೀಬ್ರಾದ ರಕ್ತದಲ್ಲಿ 40 ದಿನದವರೆಗೂ ಸದ್ದಿಲ್ಲದೆ ಇರಬಲ್ಲದು. ಪ್ರಾಣಿ ಚೆನ್ನಾಗಿ ಮೇಯುತ್ತಿದೆ ಎಂಬ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬಾರದು.

ಜೀಬ್ರಾಕ್ಕೆ ಅರಿವಳಿಕೆ ಕೊಟ್ಟು ಕೆಡವಿದಾಗ ಒಂದೇ ಸಲಕ್ಕೆ ಎರಡು ಟ್ಯೂಬ್ ರಕ್ತ ತೆಗೆಯಬೇಕು: ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈಡಿಟಿಎ ಟ್ಯೂಬ್, ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಎಲೈಸಾ ಪರೀಕ್ಷೆಗೆ ಸೀರಂ ಟ್ಯೂಬ್. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ಬಗೆಯಾದ ಹೆಪಾರಿನ್ ಟ್ಯೂಬ್ ಬಳಸಿದರೆ ಪಿಸಿಆರ್ ಫಲಿತಾಂಶ ಕೆಡುತ್ತದೆ. ಈಡಿಟಿಎ ರಕ್ತವನ್ನು 4 ಡಿಗ್ರಿಯಲ್ಲಿ ಇಡಬೇಕೇ ಹೊರತು ಫ್ರೀಜರಿಗೆ ಹಾಕಬಾರದು, ಕೆಂಪು ಕಣಗಳು ಒಡೆದುಹೋಗುತ್ತವೆ. ರೋಗವಿರುವ ಪ್ರದೇಶದ ಬೆಳೆದ ಜೀಬ್ರಾದಲ್ಲಿ ಪ್ರತಿಕಾಯ ಸಿಕ್ಕರೆ ಆಶ್ಚರ್ಯವಿಲ್ಲ. ಸೋಂಕು ಹಳೆಯದೋ ಹೊಸದೋ ಎಂಬುದು ಒಂದು ಪರೀಕ್ಷೆಯಿಂದ ತಿಳಿಯುವುದಿಲ್ಲ. ಕನಿಷ್ಠ 21 ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಎರಡೂ ಸೀರಂಗಳನ್ನು ಒಂದೇ ಲ್ಯಾಬಿನಲ್ಲಿ ಒಟ್ಟಿಗೆ ಪರೀಕ್ಷಿಸಬೇಕು. ಪ್ರತಿಕಾಯದ ಪ್ರಮಾಣ ಏರಿದ್ದರೆ ಸೋಂಕು ಹೊಸದು, ಸಾಗಣೆ ನಿಲ್ಲಿಸಬೇಕು. ಲಸಿಕೆ ಹಾಕಿಸಿದ್ದರೂ ಪ್ರತಿಕಾಯ ಬರುತ್ತದೆ, ಹಾಗಾಗಿ ಲಸಿಕೆಯ ದಾಖಲೆ ಇಲ್ಲದೆ ವರದಿ ಓದುವುದೇ ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಕೆಡುವುದು ಪರದೆಯಲ್ಲಿ. ರೋಗ ಹರಡುವ, ರಕ್ತ ಹೀರುವ ಕ್ಯುಲಿಕಾಯ್ಡಿಸ್ ನುಸಿ 1ರಿಂದ 3 ಮಿ.ಮೀ. ಅಷ್ಟೇ. ಮಾಮೂಲಿ ಸೊಳ್ಳೆಪರದೆಯಲ್ಲಿ ಸಲೀಸಾಗಿ ನುಸುಳುತ್ತದೆ. 1 ಮಿ.ಮೀ.ಗಿಂತ ಸಣ್ಣ ಕಣ್ಣಿನ ಬಲೆಗೆ ಪೈರೆಥ್ರಾಯ್ಡ್ ಕೀಟನಾಶಕ ಸಿಂಪಡಿಸಿ, ಸಂಜೆಯಿಂದ ಬೆಳಗಿನವರೆಗಾದರೂ ಪ್ರಾಣಿಯನ್ನು ಅದರೊಳಗೇ ಇಡಬೇಕು. ರಕ್ತ ತೆಗೆದ ಮೇಲೆ ಪರವಾನಗಿಗೆಂದು ತಿಂಗಳುಗಟ್ಟಲೆ ಬಯಲು ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಆ ನೆಗೆಟಿವ್ ವರದಿಗೆ ಬೆಲೆಯಿಲ್ಲ.

ಇದು ದೂರದ ಮಾತೂ ಅಲ್ಲ. 1960ರಲ್ಲಿ ಈ ರೋಗ ಭಾರತಕ್ಕೂ ಬಂದಿತ್ತು. ಮಳೆಗಾಲದಲ್ಲಿ ನಮ್ಮ ಕುರಿಗಳಿಗೆ ನೀಲಿ ನಾಲಿಗೆ ರೋಗ ಅಂಟಿಸುವುದು ಇದೇ ಜಾತಿಯ ನುಸಿ. ಮೈಸೂರಿನಲ್ಲಂತೂ ಮೃಗಾಲಯಕ್ಕೂ ರೇಸ್‌ಕೋರ್ಸಿಗೂ ಹೆಚ್ಚು ದೂರವಿಲ್ಲ. ಆಮದಿಗೆ ಒಪ್ಪಿಗೆ ಕೊಡುವವರು ವರದಿಯೊಂದನ್ನೇ ನೋಡದೆ, ರಕ್ತ ತೆಗೆದ ದಿನ ಮತ್ತು ಪ್ರಾಣಿ ಪರದೆಯೊಳಗೆ ಸೇರಿದ ದಿನ ಎರಡನ್ನೂ ಕೇಳಿ ಪಡೆಯಲಿ.

– ವನ್ಯಜೀವಿ ಪಶುವೈದ್ಯರು, ಮೈಸೂರು