ನಿನ್ನ ಪುಸ್ತಕದಲ್ಲಿ ಹಫ್ತಾ ಕೊಟ್ಟವರು ಎಲ್ಲಿ?

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿ ಬಂದು ತಿಂಗಳಾಯಿತು. ಇಟಲಿಯ ಸಿಸಿಲಿ ದ್ವೀಪದ ಮಾಫಿಯಾ ಕುಟುಂಬಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಹೊರಟ ನಿನ್ನ ಧೈರ್ಯ ಮೆಚ್ಚಿದೆ. ಎರಡು ಸಲ ಓದಿದೆ. ಮೊದಲ ಸಲ ನಿದ್ದೆಗೆಟ್ಟು, ಎರಡನೇ ಸಲ ಸಿಟ್ಟಿನಲ್ಲಿ. ಕಾಗುಣಿತ, ಪ್ರಕಾಶಕರು ಇತ್ಯಾದಿ ಕೇಳಿದ್ದೀಯಲ್ಲ, ಅದನ್ನು ಬೇರೆ ಯಾರಾದರೂ ಹೇಳುತ್ತಾರೆ ಬಿಡು.

ನಿನ್ನ ಪುಸ್ತಕದ ತುಂಬಾ ಹಫ್ತಾ ತೆಗೆದುಕೊಳ್ಳುವವರೇ. ಕೊಡುವವರು ಒಬ್ಬರೂ ಇಲ್ಲ.

ಮಾಫಿಯಾ ಹುಟ್ಟಿದ್ದು ಗೌರವ ಕಾಪಾಡಲು ಅಂತ ಶುರು ಮಾಡಿದ್ದೀಯ. ಅದು ಅವರೇ ಹಬ್ಬಿಸಿದ ಕಥೆ, ಮಾರಾಯ. 19ನೇ ಶತಮಾನದಲ್ಲಿ ಸಿಸಿಲಿಯ ಪಲೆರ್ಮೊ ನಗರದ ಸುತ್ತಲಿನ ನಿಂಬೆ ತೋಟಗಳನ್ನು ನೋಡು. ನಿಂಬೆಗೆ ಹೊರದೇಶದಲ್ಲಿ ಒಳ್ಳೆ ಬೆಲೆ. ತೋಟಕ್ಕೆ ನೀರು ಬೇಕು, ಕಾವಲು ಬೇಕು. ನೀರು ಬಿಡುವವನು, ಕಾಯುವವನು, ಕದಿಯುವವನು ಮೂವರೂ ಒಂದೇ ಗುಂಪು! ಬೇಲಿಯೇ ಎದ್ದು ಹೊಲ ಮೇಯ್ದದ್ದು ಹಾಗೆ.

ಮಾಫಿಯಾದವರ ಮೇಲೆ 1986ರಲ್ಲಿ ಶುರುವಾದ ದೊಡ್ಡ ವಿಚಾರಣೆಯ ಅಧ್ಯಾಯ ಮಾತ್ರ ಸೊಗಸಾಗಿದೆ. ಪಂಜರಗಳಲ್ಲಿ ಕೂತ ಆರೋಪಿಗಳು, ಎದುರಿಗೆ ಸಾಕ್ಷಿ ಹೇಳುವ ಬುಸ್ಕೆತ್ತಾ, ಅವನೂ ಮೊದಲು ಅವರದೇ ಗುಂಪಿನವನು. ಅದನ್ನು ಮುಟ್ಟಬೇಡ.

ಆದರೆ ಮಾಫಿಯಾ ನಾಯಕ ಪ್ರೊವೆಂಜಾನೊನನ್ನು ಹುಲಿ ಮಾಡಿಬಿಟ್ಟಿದ್ದೀಯ. 43 ವರ್ಷ ತಲೆಮರೆಸಿಕೊಂಡಿದ್ದ, ನಿಜ. 2006ರಲ್ಲಿ ಸಿಕ್ಕಿದ್ದು ಹೇಗೆ? ಹೆಂಡತಿಯ ಮನೆಯಿಂದ ಹೊರಟ ಒಗೆದ ಬಟ್ಟೆಯ ಗಂಟಿನ ಜಾಡು ಹಿಡಿದ ಪೊಲೀಸರು ಕೊರ್ಲಿಯೋನೆ ಊರಿನ ಹತ್ತಿರದ ಕುರುಬರ ಗುಡಿಸಲಿಗೆ ಬಂದರು. ಆ ಬಟ್ಟೆ ಗಂಟನ್ನು ಯಾಕೆ ಬಿಟ್ಟೆ? ಹುಲಿಗೆ ಒಪ್ಪಲಿಲ್ಲ, ಅಲ್ವಾ?

ಲಿಬೆರೊ ಗ್ರಾಸಿ ನಿನ್ನಲ್ಲಿ ಬರೀ ಅರ್ಧ ಸಾಲು. ಪಲೆರ್ಮೊದಲ್ಲಿ ಒಳಉಡುಪು, ಪೈಜಾಮ ಹೊಲಿಸುತ್ತಿದ್ದ ಕಾರ್ಖಾನೆಯ ಮಾಲೀಕ. ಪಿಝೊ, ಅಂದರೆ ಅಲ್ಲಿನ ಹಫ್ತಾ, ಕೊಡಲ್ಲ ಅಂದ. 1991ರ ಜನವರಿ 10ರಂದು ಪತ್ರಿಕೆಯಲ್ಲಿ 'ಪ್ರಿಯ ಸುಲಿಗೆಗಾರ' ಅಂತ ಬಹಿರಂಗ ಪತ್ರ ಬರೆದ. ಬೆದರಿಕೆ ಫೋನಿಗೆ, ಬಾಂಬಿಗೆ, ಗುಂಡಿಗೆ ಸುಮ್ನೆ ಖರ್ಚು ಮಾಡಬೇಡ, ನಮ್ಮಿಂದ ಏನೂ ಗಿಟ್ಟುವುದಿಲ್ಲ ಅನ್ನುವ ಅರ್ಥದ ಪತ್ರ. ಎಂಥ ಗದ್ಯ ನೋಡು! ಜೊತೆಯ ಉದ್ಯಮಿಗಳು ಬೆನ್ನಿಗೆ ನಿಲ್ಲಲಿಲ್ಲ. ಆಗಸ್ಟ್ 29ರ ಬೆಳಿಗ್ಗೆ ಮನೆ ಹತ್ತಿರದ ಬೀದಿಯಲ್ಲೇ ಅವನನ್ನು ಗುಂಡಿಟ್ಟು ಕೊಂದರು. ಇವನಿಗೆ ಅರ್ಧ ಸಾಲು, ಡಾನ್‌ಗಳ ಟೋಪಿಗೆ ಎರಡು ಪುಟ!

ಇಷ್ಟು ಕೂಗಾಡಲು ಕಾರಣವಿದೆ. ನಿನ್ನ ವಯಸ್ಸಿನಲ್ಲಿ ನಾನೂ ಒಂದು ವಾರಪತ್ರಿಕೆಗೆ ನಮ್ಮೂರ ರೌಡಿಯೊಬ್ಬನ ಬಗ್ಗೆ ಧಾರಾವಾಹಿ ಬರೆದೆ. ಓದುಗರ ಪತ್ರಗಳು ರಾಶಿ ಬಿದ್ದವು. ಅವನೇ ಒಂದು ಡಬ್ಬ ಮೈಸೂರುಪಾಕು ಕಳಿಸಿದ. ತಿಂದೆ ಕೂಡ. ಆಮೇಲೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬಳು, "ಅವನ ಮೀಸೆ ಬಗ್ಗೆ ಚೆನ್ನಾಗಿ ಬರ್ದಿದೀರಂತೆ ಸ್ವಾಮಿ," ಅಂದಳು. ದಿನಾ ಅವನಿಗೆ ದುಡ್ಡು ಕಟ್ಟುತ್ತಿದ್ದವಳು. ಎಷ್ಟು ಕಟ್ಟುತ್ತೀಯ ಅಂತ ಆಗಲೂ ನಾನು ಕೇಳಲಿಲ್ಲ. ಚೌಕಾಸಿ ಮಾಡದೆ ಎರಡು ಕಟ್ಟು ಸೊಪ್ಪು ತಂದೆ, ಅಷ್ಟೇ.

ಮೂರನೇ ಅಧ್ಯಾಯವನ್ನು ಆ ಪೈಜಾಮ ಕಾರ್ಖಾನೆಯಿಂದ ಶುರು ಮಾಡಿ ನೋಡು. ದೀಪಾವಳಿಯೊಳಗೆ ಮುಗಿಸು. ಪೋಸ್ಟ್ ಬೇಡ, ನೀನೇ ಹಿಡಿದುಕೊಂಡು ಬಾ. ನೀನು ಕಟ್ಟಿದ ದಾರದ ಗಂಟು ಬಿಚ್ಚುವುದರಲ್ಲೇ ನನಗೆ ಅರ್ಧ ದಿನ ಹೋಯಿತು.

ನಿನ್ನ,
ಅಣ್ಣ