ನಾಯಿಯ ಮೂಗಿಗೆ ಹೊಗೆಸೊಪ್ಪಿನ ನೀರು ಹಾಕಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ನಮ್ಮ ಕಡೆ ತೋಟಕ್ಕೆ ಇಳಿಯುವವರೆಲ್ಲ ಉಂಬಳಕ್ಕೆ (ನೆಲದ ಜಿಗಣೆಗೆ) ಹೆದರಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತೇವೆ. ಮೂಗಿನೊಳಗೆ ಜಿಗಣೆ ಹೊಕ್ಕಿತೆಂದು ಅದೇ ಮದ್ದನ್ನು ನಾಯಿಯ ಮೂಗಿಗೂ ಹುಯ್ಯುವವರು ಊರಲ್ಲಿ ಈಗಲೂ ಇದ್ದಾರೆ. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ. ಜಿಗಣೆ ಸಾಯುವ ಮೊದಲು ನಾಯಿಯೇ ಸತ್ತೀತು.

ಮೈಗೆ ಕಚ್ಚಿದ ಉಂಬಳದ ಬಗ್ಗೆ ಅಷ್ಟು ಗಾಬರಿ ಬೇಡ. ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ, ಇಲ್ಲವೇ ಅದರ ಸಪೂರ ತುದಿಯ ಕೆಳಗೆ ಉಗುರು ತೂರಿಸಿ ಬಿಡಿಸಬಹುದು. ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ಸೇರುವ ಜಿಗಣೆಯೇ ಅಪಾಯದ್ದು. ಒಳಹೋಗುವಾಗ ನೂಲಿನಷ್ಟು ಸಣ್ಣ, ಆಮೇಲೆ ವಾರಗಟ್ಟಲೆ ಅಲ್ಲೇ ರಕ್ತ ಕುಡಿದು ಬೆಳೆಯುತ್ತದೆ. ದನಗಳಿಗೂ ಹೀಗೇ ಆಗುತ್ತದೆ.

ನಮ್ಮ ಮನೆಯ ಕರಿಯನಿಗೆ ಕಳೆದ ಮಳೆಗಾಲ ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಸೀನಿ ಸೀನಿ, ಮುಂಗಾಲಲ್ಲಿ ಮೂಗು ಕೆರೆದು ಕೆರೆದು ಸೋತಿದ್ದ. ಪಶುವೈದ್ಯರು ಮೊದಲು ತುಟಿ ಎತ್ತಿ ಒಸಡು ನೋಡಿದರು, ಬಿಳಚಿಕೊಂಡಿತ್ತು. ಸ್ವಲ್ಪ ಹೊತ್ತು ನೀರು ಕೊಡದೆ ಇಟ್ಟು, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯಲು ಹೇಳಿದರು. ನೀರಿನ ಆಸೆಗೆ ಜಿಗಣೆ ಇಣುಕಿತು. ಚಿಮುಟದಲ್ಲಿ ಗಟ್ಟಿಯಾಗಿ ಹಿಡಿದು, ಜಗ್ಗದೆ, ಅದು ಕಚ್ಚು ಬಿಡುವವರೆಗೆ ಕಾದು ಎಳೆದರು. ಹೀಗೆ ಇಣುಕದಿದ್ದರೆ ಮಂಪರು ಬರಿಸಿ, ಬೆಳಕು ಬಿಟ್ಟು ಒಳಗಿಂದ ತೆಗೆಯಬೇಕಾಗುತ್ತದಂತೆ. ಹುಳ ಕೊಲ್ಲುವ ಐವರ್‌ಮೆಕ್ಟಿನ್ ಔಷಧ ಕೊಡುವುದೂ ಉಂಟು, ಆದರೆ ಅಂದಾಜಿನಲ್ಲಿ ದನದ ಇಂಜೆಕ್ಷನ್ ಚುಚ್ಚುವ ಧೈರ್ಯ ಯಾರೂ ಮಾಡಬೇಡಿ. ಕುರಿ ಕಾಯುವ ಕಾಲಿ (Collie) ಜಾತಿಯ ನಾಯಿಗಳಿಗೆ ಪ್ರಮಾಣ ಹೆಚ್ಚಾದರೆ ಅದು ಮಿದುಳಿಗೇ ಏರುತ್ತದೆ.

ಮೂಗಲ್ಲಿ ರಕ್ತ ಬಂದದ್ದೆಲ್ಲ ಜಿಗಣೆಯೂ ಅಲ್ಲ. ಉಣುಗು ಕಚ್ಚಿ ಬರುವ ಎರ್ಲಿಕಿಯೋಸಿಸ್ ಜ್ವರದಲ್ಲೂ ಹೀಗೇ ರಕ್ತ ಸುರಿಯುತ್ತದೆ, ಅದಕ್ಕೆ ಔಷಧ ಬೇರೆ, ರಕ್ತ ಪರೀಕ್ಷೆಯೂ ಬೇಕು. ಮನೆಮದ್ದು ಮಾಡುತ್ತಾ ಕೂತರೆ ಆ ದಿನಗಳೆಲ್ಲ ಕೈಬಿಟ್ಟು ಹೋಗುತ್ತವೆ.

ನಮಗೆ ಸಿಕ್ಕಿದ ವೈದ್ಯರು ಅನುಭವಸ್ಥರು, ಆದರೆ ಅಲ್ಲಿದ್ದ ಚಿಮುಟ ಗಿಡ್ಡ, ಬೆಳಕಿಗೆ ನಮ್ಮ ಮೊಬೈಲ್ ಟಾರ್ಚೇ ಗತಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ನಿಜ. ರಕ್ತ ಸುರಿಸುವ ನಾಯಿಯನ್ನು ಯಾವ ಬಸ್ಸಿನವರು ಹತ್ತಿಸಿಕೊಳ್ಳುತ್ತಾರೆ? ಹೊಸನಗರ, ತೀರ್ಥಹಳ್ಳಿ, ಸಾಗರದಂಥ ತಾಲ್ಲೂಕುಗಳ ಪಶು ಆಸ್ಪತ್ರೆಗಳಿಗೆ ಪಶುಪಾಲನಾ ಇಲಾಖೆ ಜೂನ್‌ಗೆ ಮೊದಲೇ ಉದ್ದ ಚಿಮುಟ, ತಲೆಗೆ ಕಟ್ಟುವ ದೀಪ, ಮಂಪರು ಔಷಧ ಒದಗಿಸಲಿ. ಹಾಲಿನ ಡೇರಿಗಳ ಗೋಡೆಗೆ ಈ ಲಕ್ಷಣಗಳನ್ನು ಬರೆದ ಒಂದು ಹಾಳೆ ಅಂಟಿಸಲಿ, ಬೆಳಿಗ್ಗೆ ಹಾಲು ಹಾಕಲು ಬರುವವರು ಓದುತ್ತಾರೆ.

– ಅಡಿಕೆ ಬೆಳೆಗಾರರೊಬ್ಬರು, ನಗರ ಹೋಬಳಿ, ಹೊಸನಗರ ತಾಲ್ಲೂಕು